ಎಣಿಕೆ ಅಕ್ಕನ ಎಪ್ಪತ್ತೆರಡು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ರಕ್ತ ಸುಮಾರು. ನನ್ನದು ಮಾಸ್. ಬಿಲ್ಡಪ್ ಅಲ್ಲ ಸ್ವಾಮಿ, ಸಂಶೋಧನಾ ಪ್ರಯೋಗಾಲಯದಲ್ಲಿ ಗಾಜಿನ ಮೇಲಿಟ್ಟು ಎಣಿಸಿದ್ದಾರೆ. ನನ್ನ ಬಿಳಿ ರಕ್ತಕಣಗಳು ಇಂಟರ್ವಲ್‌ಗೆ ಮುಂಚೆಯೇ ಸಾಯುವ ಸೈಡ್ ಆಕ್ಟರ್‌ಗಳಲ್ಲ, ಕ್ಲೈಮ್ಯಾಕ್ಸ್ ಫೈಟಿಗೂ ಹಾಜರಿರುತ್ತವೆ. ಆದರೆ ಪತ್ರಿಕೆಯ ಈ ವಾರದ ಪುಟ ನನ್ನದಲ್ಲ. ಆ ಕಣಗಳನ್ನು ಎಣಿಸಿದವರದು. ಅಲ್ಲಿ ಎಲ್ಲರೂ ಅವರನ್ನು ಕರೆಯುವುದು ಎಣಿಕೆ ಅಕ್ಕ ಅಂತ.

ಬೆಳಗ್ಗೆ ಐದೂಮುಕ್ಕಾಲು. ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅಕ್ಕ ಚೀಲವನ್ನು ಬಾಗಿಲ ಮೊಳೆಗೆ ತಗುಲಿಸಿ, ಬಿಳಿ ಕೋಟಿನ ಅಂಚಿನಲ್ಲಿ ಕನ್ನಡಕ ಒರೆಸಿ, ಸ್ಟೂಲಿನ ಮೇಲೆ ಟವೆಲ್ ಮಡಿಸಿಟ್ಟು ಕೂರುತ್ತಾರೆ. ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ ತಟ್ಟೆಗೆ ಬಿಟ್ಟ ಕಣಗಳಿಗೆ ಆರು ಗಂಟೆಗೆ ಸರಿಯಾಗಿ ಹದಿನೆಂಟು ತಾಸು. ಅಕ್ಕ ಒಂದು ಹನಿ ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ಎರಡೂ ಕೈಯಲ್ಲಿ ಒಂದೊಂದು ಗುಂಡಿ ಒತ್ತಿ ಎಣಿಸುವ ಡಬ್ಬಿ. ಬಲಗೈಯದು ಬದುಕಿದ್ದಕ್ಕೆ, ಎಡಗೈಯದು ಸತ್ತಿದ್ದಕ್ಕೆ. ಟಕ್, ಟಕ್ ಟಕ್.

"ಸತ್ತಿದ್ದು ನೀಲಿ ಕುಡಿಯುತ್ತೆ, ಬದುಕಿದ್ದು ಕುಡಿಯಲ್ಲ. ಅಷ್ಟೇ ಕಣಪ್ಪ ವಿದ್ಯೆ" ಅನ್ನುತ್ತಾರೆ ತಲೆ ಎತ್ತದೆ. "ಮಾತಾಡಿಸಬೇಡ. ನೂರಾ ಹನ್ನೊಂದರಲ್ಲಿದೀನಿ."

ಒಂದು ತಟ್ಟೆಗೆ ಇನ್ನೂರು ಕಣ, ದಿನಕ್ಕೆ ಹನ್ನೆರಡು ತಟ್ಟೆ. ಇಲ್ಲಿಗೆ ಬಂದಾಗ ಅಕ್ಕನದು ಗಾಜಿನ ಸಾಮಾನು ತೊಳೆಯುವ ಕೆಲಸ. ಎಣಿಸುವವರು ರಜೆ ಹಾಕಿದ ಒಂದು ದಿನ ಈ ಸ್ಟೂಲಿನ ಮೇಲೆ ಕೂತವರು ಮೂವತ್ತೊಂದು ವರ್ಷವಾದರೂ ಎದ್ದಿಲ್ಲ. ಕತ್ತು ಹಿಡಿದುಕೊಂಡಿದೆ. ಹೋದ ವರ್ಷ ಎಡಗಣ್ಣಿಗೆ ಪೊರೆಯ ಆಪರೇಷನ್ನೂ ಆಗಿದೆ.

ಪ್ರಯೋಗ ಇಷ್ಟೇ. ಬಿಳಿ ಕಣಗಳಲ್ಲಿ ಮೊದಲು ಹೊಡೆದಾಟಕ್ಕಿಳಿಯುವ ಒಂದು ಜಾತಿಯಿದೆ, ಅದರ ಆಯಸ್ಸೇ ಕಡಿಮೆ. ಆದರೆ ದೇಹಕ್ಕೆ ರೋಗ ನುಗ್ಗಿದೆ ಎಂಬ ಸುದ್ದಿ ಸಿಕ್ಕರೆ ಅವು ಸಾವನ್ನು ಮುಂದಕ್ಕೆ ಹಾಕಿ ಕಾವಲು ನಿಲ್ಲುತ್ತವೆ. ಆ ಸುದ್ದಿ ಮುಟ್ಟಿಸುವ ಮದ್ದನ್ನು ತಟ್ಟೆಗೆ ಹಾಕಿದರೆ ಹರೆಯದವರ ಕಣಗಳು ನೂರಕ್ಕೆ ಎಪ್ಪತ್ತರ ಹತ್ತಿರ ಉಳಿಯುತ್ತವೆ. ವಯಸ್ಸಾದವರವು ನಲವತ್ತು ದಾಟಿದರೆ ಹೆಚ್ಚು.

"ವಯಸ್ಸಾದೋರಲ್ಲಿ ಸಿಪಾಯಿಗಳೇ ಇಲ್ಲ ಅಂತಲ್ಲ" ಎಂದು ಅಕ್ಕ ಬಿಡಿಸಿ ಹೇಳುತ್ತಾರೆ. "ಕೂಗಿದ್ರೆ ಕೇಳಿಸಲ್ಲ ಅವಕ್ಕೆ. ನಮ್ಮ ಯಜಮಾನ್ರ ಥರ."

ಪ್ರತಿ ಸಲವೂ ಒಬ್ಬ ಹಿರಿಯರು, ಒಬ್ಬ ಕಿರಿಯರು ಜೋಡಿಯಾಗಿ ರಕ್ತ ಕೊಡಬೇಕು. ನರ್ಸ್ ಹಿರಿಯರ ನಳಿಕೆಗೆ 'ಹಿ' ಅಂತ, ಕಿರಿಯರದಕ್ಕೆ 'ಕಿ' ಅಂತ ಚೀಟಿ ಅಂಟಿಸುತ್ತಾರೆ. ಹದಿನಾಲ್ಕನೇ ಜೋಡಿ ನಮ್ಮಜ್ಜಿ ಮತ್ತು ನಾನು. ಅಕ್ಕನಿಗೆ ತಲೆ ಕೆಟ್ಟಿದ್ದು ನಮ್ಮಿಂದಲೇ.

ಅವತ್ತು ಬೆಳಗ್ಗೆ 'ಹಿ' ತಟ್ಟೆಯಲ್ಲಿ ನೂರಕ್ಕೆ ಎಪ್ಪತ್ತೆರಡು ಬದುಕಿವೆ. 'ಕಿ' ತಟ್ಟೆಯಲ್ಲಿ ನಲವತ್ತೊಂದು. ಅಕ್ಕ ಡಬ್ಬಿಗಳನ್ನು ಸೊನ್ನೆಗೆ ತಿರುಗಿಸಿ ಮತ್ತೆ ಎಣಿಸುತ್ತಾರೆ. ಅದೇ. ಎಡಗಣ್ಣು ಮುಚ್ಚಿ ಎಣಿಸುತ್ತಾರೆ. ಅದೇ. ಬದುಕಿದ್ದರ ಡಬ್ಬಿ ಯಾವ ಕೈಯಲ್ಲಿತ್ತು ಎಂಬುದೇ ಅನುಮಾನವಾಗಿ, ಬಲಗೈ ಯಾವುದೆಂದು ತಿಳಿಯಲು ಒಮ್ಮೆ ಊಟ ಮಾಡುವ ಹಾಗೆ ಕೈ ಬಾಯಿಗೆ ಒಯ್ದು ನೋಡುತ್ತಾರೆ.

"ಚೀಟಿ ಅದಲುಬದಲಾಗಿರಬಹುದಾ ಸಾರ್?" ಎಂದು ದೊಡ್ಡ ಡಾಕ್ಟರನ್ನು ಕೇಳುತ್ತಾರೆ.

ಡಾಕ್ಟರು ನರ್ಸನ್ನು ಕರೆಸುತ್ತಾರೆ. "ನಾನೇ ನೋಡಿ ಅಂಟಿಸಿದೀನಿ ಸಾರ್" ಅನ್ನುತ್ತಾರೆ ಆಕೆ, ನಿಜವನ್ನೇ.

ತಟ್ಟೆಯ ಕಣಗಳು ಅಷ್ಟರಲ್ಲಿ ಸತ್ತಿರುತ್ತವೆ. ಮರುವಾರ ಅಜ್ಜಿಯನ್ನೂ ನನ್ನನ್ನೂ ಕರೆಸಿ ಮತ್ತೆ ರಕ್ತ ತೆಗೆಯುತ್ತಾರೆ. ಈ ಸಲ 'ಹಿ' ನಲವತ್ಮೂರು, 'ಕಿ' ಎಪ್ಪತ್ತೊಂದು. ಎಲ್ಲ ಇರಬೇಕಾದ ಹಾಗೆಯೇ ಇದೆ. ಅಕ್ಕನಿಗೆ ಮುಳುವಾಗಿದ್ದು ಅದೇ. ಈಗ ಸರಿ ಬಂತು ಅಂದಮೇಲೆ ಹೋದ ವಾರದ್ದು ಕಣ್ಣಿನ ತಪ್ಪು ಎಂದಾಯಿತು.

"ಬೇಜಾರು ಮಾಡ್ಕೋಬೇಡಿ ಅಕ್ಕ. ವಯಸ್ಸು ಕಣಕ್ಕೂ ಆಗುತ್ತೆ, ನಮಗೂ ಆಗುತ್ತೆ" ಅಂದರಂತೆ ಡಾಕ್ಟರು. ಸೋಮವಾರದಿಂದ ಸ್ಟೂಲಿಗೆ ಬೇರೆಯವರು. ಅಕ್ಕ ಮತ್ತೆ ಗಾಜು ತೊಳೆಯುವ ಕೋಣೆಗೆ.

ಇವತ್ತು ಶುಕ್ರವಾರ. ಅಕ್ಕನಿಗೆ ಈಗ ಯಾವುದರ ಮೇಲೂ ನಂಬಿಕೆಯಿಲ್ಲ. ಮೆಟ್ಟಿಲು ಹತ್ತುವಾಗ ಎಣಿಸುತ್ತಾರೆ, ಇಳಿಯುವಾಗ ತಾಳೆ ನೋಡುತ್ತಾರೆ. ಮನೆಯಲ್ಲಿ ಒಗೆದ ಬಟ್ಟೆಗಳ ಗುಂಡಿಯನ್ನೂ ಬಿಟ್ಟಿಲ್ಲ. "ನನ್ನ ಅಂಗೀಲಿ ಏಳಿವೆ ಕಣೇ, ಮದುವೆ ಆದಾಗಿಂದ್ಲೂ ಏಳೇ" ಅಂದರಂತೆ ಯಜಮಾನರು. ಹೇಳುತ್ತಾ ಅಕ್ಕ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

"ಗಾಜು ತೊಳೆಯೋದು ಅವಮಾನ ಏನಲ್ಲಪ್ಪ, ಅಲ್ಲಿಂದಲೇ ಬಂದೋಳು ನಾನು. ಆದ್ರೆ ಆ ಎಪ್ಪತ್ತೆರಡನ್ನ ನಾನು ನೋಡಿದೀನಿ. ಇಲ್ಲದ್ದನ್ನೇ ನೋಡಿದೀನಿ ಅಂತಾದ್ರೆ, ಮೂವತ್ತೊಂದು ವರ್ಷದಲ್ಲಿ ಇನ್ನೆಷ್ಟು ಇಲ್ಲದ್ದನ್ನ ನೋಡಿದೀನೋ. ಅದೊಂದು ಇತ್ತು ಅಂತ ಯಾರಾದ್ರೂ ಹೇಳಿದ್ರೆ ಸಾಕು ನಂಗೆ."

ಇತ್ತು ಅಕ್ಕ.

ಮೊದಲ ಸಲ ನರ್ಸ್ ಸರಿಯಾಗಿಯೇ ಅಂಟಿಸಿದ್ದರು. ಸೂಜಿ ನೋಡಿ ಬೆವತಿದ್ದ ಅಜ್ಜಿಗೆ ನೀರು ತರಲು ಅವರು ಆಚೆ ಹೋದರು. ಅಜ್ಜಿಯನ್ನು ನಗಿಸಲು ನಾನು ಎರಡೂ ಚೀಟಿ ಕಿತ್ತು ಅದಲುಬದಲು ಮಾಡಿದೆ. "ನೋಡಜ್ಜಿ, 'ಕಿ' ಅಂದ್ರೆ ಕಿಶೋರಿ, ಅದು ನೀನು. 'ಹಿ' ಅಂದ್ರೆ ಹೀರೋ, ಅದು ನಾನು" ಅಂದೆ. ಅಜ್ಜಿ ನಕ್ಕಳು. ಚೀಟಿ ವಾಪಸ್ ಹಾಕುವಷ್ಟರಲ್ಲಿ ನರ್ಸ್ ಬಂದು ನಳಿಕೆಗಳನ್ನು ಒಯ್ದರು. ಏನಾಗುತ್ತೆ ಮಹಾ ಅಂದುಕೊಂಡೆ. ಎರಡನೇ ಸಲ ಕರೆಸಿದಾಗಲೂ ಯಾಕೆ ಅಂತ ಕೇಳಲಿಲ್ಲ. ಇವತ್ತು ಅಕ್ಕನ ಪಕ್ಕದಲ್ಲೇ ಕೂತು ಇಷ್ಟೆಲ್ಲ ಬರೆದುಕೊಂಡು, "ಹೌದಾ ಅಕ್ಕ, ಛೆ" ಅಂದು ಎದ್ದು ಬಂದೆ.

ಈ ಪುಟ ಭಾನುವಾರ ನಿಮ್ಮ ಕೈ ಸೇರುತ್ತದೆ, ಸೋಮವಾರಕ್ಕೆ ಒಂದು ದಿನ ಮುಂಚೆ. ಡಾಕ್ಟರೇ, ಅಕ್ಕನ ಎಣಿಕೆ ತಪ್ಪಿಲ್ಲ. ಚೀಟಿ ಬದಲಿಸಿದವನು ನಾನು.