ಐಸಿನಿಂದ ಹೊರಗುಳಿದ ಟ್ಯೂಬು

ಸವಿತಾ, ಆ ಪ್ರೋಟೀನಿನ ಗುಟ್ಟು ಕಂಡುಹಿಡಿದವಳು ನೀನು, ನಾನಲ್ಲ. ಆರು ವರ್ಷಗಳಿಂದ ಅದು ನನ್ನದೆಂದು ಹೇಳಿಕೊಂಡು ಓಡಾಡಿದ್ದೇನೆ — ಅಷ್ಟೇ ಆಗಿದ್ದರೆ ಕಳ್ಳತನವೆಂದು ಒಪ್ಪಿಕೊಂಡು ಮುಗಿಸಬಹುದಿತ್ತು. ನಿನ್ನ ಮಾತು ಸರಿ ಎಂದು ಗೊತ್ತಾದ ಮೇಲೂ, ನೀನು ಬೇಜವಾಬ್ದಾರಿಯವಳು ಎಂದು ನಾನು ಬರೆದುಕೊಟ್ಟಿದ್ದ ದೂರನ್ನು ಹಿಂದಕ್ಕೆ ಪಡೆಯಲಿಲ್ಲ. ನಿನ್ನ ಕೆಲಸ ಹೋಗಿದ್ದು ಅದರಿಂದಲೇ.

ದೇವನಹಳ್ಳಿ ಹತ್ತಿರದ ನಮ್ಮ ಲ್ಯಾಬಿಗೆ ನೀನು ಬೂದಿಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಿಎಸ್ಸಿ ಮುಗಿಸಿ ಗುತ್ತಿಗೆಯ ಮೇಲೆ ಸೇರಿದ ಸಹಾಯಕಿ. ನಾನು ತಂಡದ ಮುಖ್ಯಸ್ಥೆ. ದೊಡ್ಡಬೆಳವಂಗಲದಲ್ಲಿ ಕಂಡರೆ ನಾಲ್ಕು ಜನ ಎದ್ದು ನಿಂತು ಗೌರವಿಸುವ ಮನೆಯವಳು ಬೇರೆ, ಮೂಗಿನ ತುದಿಯಲ್ಲೇ ಕೋಪ. ಆದರೆ ನಿನ್ನ ಕೈ ಎಂಥ ಕೈ! ನೀನು ತುಂಬಿಸಿದ ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸಿದರೆ ಎಲ್ಲದರಲ್ಲೂ ಒಂದೇ ಮಟ್ಟ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದನ್ನು ನೋಡಿ ನೋಡಿ ಖುಷಿಪಡುತ್ತಿದ್ದೆ, ಬಾಯಿಬಿಟ್ಟು ಮಾತ್ರ ಒಂದು ದಿನವೂ ಹೇಳಲಿಲ್ಲ.

ನಾವು ಬೆನ್ನು ಹತ್ತಿದ್ದು ಮನುಷ್ಯರ ಮೂತ್ರಪಿಂಡದಲ್ಲಿರುವ ಒಂದು ಪ್ರೋಟೀನನ್ನು. ಅದರ ಆಟ ಅತಿಯಾದರೆ ಮೂತ್ರಪಿಂಡ ನಿಧಾನವಾಗಿ ಗಟ್ಟಿಯಾಗುತ್ತಾ ಕೆಲಸ ನಿಲ್ಲಿಸುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವ ಔಷಧಿಯೊಂದು ಸಿಕ್ಕರೆ... ಆದರೆ ಔಷಧಿ ಪರೀಕ್ಷಿಸಲು ಮೊದಲು ಪ್ರೋಟೀನು ಚುರುಕಾಗಿರಬೇಕಲ್ಲ? ಬೇರ್ಪಡಿಸಿ ಇಟ್ಟ ಮರುದಿನವೇ ಅದು ಸತ್ತುಹೋಗುತ್ತಿತ್ತು. ಪ್ರೋಟೀನನ್ನು ಐಸಿನಲ್ಲೇ ಇಡಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠ. ಹಾಗಾಗಿ ನಾನು ಇನ್ನಷ್ಟು ಐಸು ಹಾಕಿಸಿದೆ. ಅದು ಇನ್ನೂ ಬೇಗ ಸತ್ತಿತು.

ಆಯುಧಪೂಜೆಯ ದಿನ ಯಂತ್ರಗಳನ್ನೆಲ್ಲ ಒರೆಸಿ ಅರಿಶಿನ ಕುಂಕುಮ ಇಟ್ಟೆವು. ಐಸ್ ಡಬ್ಬಕ್ಕೂ ಪೂಜೆಯಾಗಲಿ ಎಂದು ಹುರುಪಿನಿಂದ ಹೇಳಿದವಳು ನಾನೇ. ನೀನು ಅದನ್ನು ಖಾಲಿ ಮಾಡಿ, ತೊಳೆದು, ಚೆಂಡುಹೂವು ಮುಡಿಸಿದೆ. ಒಳಗಿದ್ದ ಟ್ಯೂಬುಗಳನ್ನು ಫ್ರಿಜ್ಜಿಗೆ ಸೇರಿಸುವಾಗ ಒಂದು ಟ್ಯೂಬು ಹೂವಿನ ಬುಟ್ಟಿಯ ಹಿಂದೆ ಉಳಿದುಹೋಯಿತು. ಆಮೇಲೆ ಎರಡು ದಿನ ರಜೆ.

ರಜೆ ಮುಗಿಸಿ ಬಂದು ಅದನ್ನು ಕಂಡವರು ಬೇರೆ ಯಾರೇ ಆಗಿದ್ದರೂ ಸದ್ದಿಲ್ಲದೆ ಚೆಲ್ಲಿಬಿಡುತ್ತಿದ್ದರು. ನಾನಂತೂ ಚೆಲ್ಲುತ್ತಿದ್ದೆ. ನೀನು ಅದನ್ನು ಪರೀಕ್ಷೆಗೆ ಹಾಕಿ, ನಿನ್ನ ಮರೆವನ್ನೂ ಬಂದ ಫಲಿತಾಂಶವನ್ನೂ ರಿಜಿಸ್ಟರಿನಲ್ಲಿ ಬರೆದು, ನನ್ನ ಮುಂದೆ ಬಂದು ನಿಂತೆ.

"ಮೇಡಂ, ಹೊರಗಿದ್ದಿದ್ದೇ ಚೆನ್ನಾಗೈತೆ. ಇದಕ್ಕೆ ಥಂಡೀನೇ ಆಗಲ್ವೇನೋ. ಬಾಳೆಹಣ್ಣು ಫ್ರಿಜ್ಜಲ್ಲಿಟ್ರೆ ಕಪ್ಪಾಗಲ್ವಾ, ಹಂಗೆ."

ನನಗೆ ಕೋಪ ನೆತ್ತಿಗೇರಿತು. "ಟ್ಯೂಬ್ ಮರ್ತಿದ್ದೂ ಅಲ್ದೆ ನಂಗೇ ಪಾಠ ಹೇಳ್ತೀಯಾ?" ಎಂದೆ. ಅವತ್ತು ಸಂಜೆಯೇ ದೂರು ಬರೆದೆ.

ನಿನ್ನ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಮೂರು ವಾರದ ಮೇಲೆ ಒಂದು ಶನಿವಾರ, ಎಲ್ಲರೂ ಹೋದ ನಂತರ, ಕದ್ದುಮುಚ್ಚಿ ಒಂದು ಟ್ಯೂಬನ್ನು ಹೊರಗಿಟ್ಟೆ. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಪರೀಕ್ಷಿಸಿದೆ. ಬದುಕಿತ್ತು. ನಾಲ್ಕು ತುಂಡುಗಳು ಕೂಡಿ ನಿಂತ ಪ್ರೋಟೀನು ಅದು. ತಣ್ಣಗಾದರೆ ಬಿಡಿಬಿಡಿಯಾಗುತ್ತಿತ್ತು, ಕೋಣೆಯ ಶಾಖದಲ್ಲಿ ಒಟ್ಟಿಗೇ ಇರುತ್ತಿತ್ತು. ಕುಣಿಯುವಷ್ಟು ಸಂತೋಷವಾಯಿತು ನನಗೆ.

ನಿನ್ನ ಗುತ್ತಿಗೆ ಮುಗಿಯಲು ಆಗ ಇನ್ನೂ ಹತ್ತು ದಿನವಿತ್ತು. ನನ್ನ ದೂರಿನಿಂದಾಗಿ ಅದನ್ನು ಮುಂದುವರಿಸುವುದಿಲ್ಲವೆಂದು ತೀರ್ಮಾನವಾಗಿತ್ತು. ದೂರು ತಪ್ಪೆಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ — ಬರೆದಿದ್ದರೆ ದೂರು ಕೊಟ್ಟವಳೇ ದಡ್ಡಿ ಎಂದಾಗುತ್ತಿತ್ತು. ಅದು ನಾನೇ ಯೋಚಿಸಿ ಮಾಡಿದ ಪ್ರಯೋಗ ಎಂದು ವರದಿ ಕೊಟ್ಟೆ. ಶಾಲು ಹೊದಿಸಿದರು, ಹೊದ್ದುಕೊಂಡೆ.

ಹೋದ ವಾರ ಹೊಸಕೋಟೆ ಬಸ್ ನಿಲ್ದಾಣದಲ್ಲಿ ನನ್ನನ್ನು ಗುರುತಿಸಿ ನೀನೇ ಮಾತಾಡಿಸಿದೆ. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಎಂದೆ. ಒಂದು ಕಹಿ ಮಾತಿಲ್ಲ, ಬಿರುನೋಟವೂ ಇಲ್ಲ. ಬಸ್ಸು ಬಂದಾಗ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ಕೇಳಿದೆ.

"ಮೇಡಂ, ಆ ಪ್ರೋಟೀನು ಬದುಕ್ತಾ ಆಮೇಲೆ?"

"ಬದುಕ್ತು" ಎಂದೆ. ನಿನ್ನ ಮುಖ ಅರಳಿತು — ಅದೇ, ಅದನ್ನೇ ನನಗೆ ಸಹಿಸಲಾಗುತ್ತಿಲ್ಲ. ಆರು ವರ್ಷ ಡಬ್ಬ ಕಟ್ಟುತ್ತಾ ನೀನು ಪ್ರೋಟೀನಿನ ಚಿಂತೆ ಮಾಡಿದ್ದೀಯ. ನಾನು ಅದೇ ಆರು ವರ್ಷ ನನ್ನ ಹೆಸರಿನ ಚಿಂತೆ ಮಾಡಿದೆ. ನಮ್ಮಿಬ್ಬರಲ್ಲಿ ವಿಜ್ಞಾನಿ ಯಾರು ಎಂದು ಬೇರೆಯವರು ಹೇಳಬೇಕಾಗಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ನಿರ್ದೇಶಕರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ನಿನಗೆ ಕಳೆದುಹೋದ ವರ್ಷಗಳನ್ನಂತೂ ಯಾರೂ ತಂದುಕೊಡಲಾರರು. ಈಗ ಬೂದಿಗೆರೆಗೆ, ನಿನ್ನ ಮನೆಗೆ ಹೊರಟಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನನಗೆ ಭಯವಿರುವುದು ನಿನ್ನ ಕೋಪದ ಬಗ್ಗೆ ಅಲ್ಲ. ಬಾಗಿಲು ತೆಗೆದ ಕೂಡಲೇ ಬನ್ನಿ ಮೇಡಂ ಎಂದು ಒಳಗೆ ಕರೆದು ಕೂರಿಸಿ, ಕಾಫಿಗಿಡಲು ಹೋಗುವವಳು ನೀನು. ಆ ಕಾಫಿ ಬರುವ ಮೊದಲೇ, ಹೊಸ್ತಿಲಾಚೆ ನಿಂತೇ ಹೇಳಿಬಿಡುತ್ತೇನೆ.