ಎರಡು ಸಲ ಬಾಗಿಲು ಬಡಿದರೆ

ನಮ್ಮಪ್ಪ ಸಮುದ್ರದ ಪಕ್ಕದ ರಸ್ತೆಯಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದ, ಸಮುದ್ರವನ್ನು ಮಾತ್ರ ನೋಡಲಿಲ್ಲ. ಇದು ನನ್ನ ಕುಹಕವಲ್ಲ, ಅವನೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಹೋಗುವಾಗ ಗಾಳಿ ಎಡಗೆನ್ನೆಗೆ ಬಡಿಯುತ್ತದೆ, ಬರುವಾಗ ಬಲಗೆನ್ನೆಗೆ, ಸಮುದ್ರವೆಂದರೆ ತನಗೆ ಅಷ್ಟೇ ಅನ್ನುತ್ತಾನೆ. ಡ್ರೈವರ್ ಆದವನ ಕಣ್ಣು ರಸ್ತೆಯ ಮೇಲಿರಬೇಕು, ಕಿವಿ ಹಿಂದಿರಬೇಕು. ಕಂಡಕ್ಟರ್ ಬಾಗಿಲನ್ನು ಒಂದು ಸಲ ಬಡಿದರೆ ನಿಲ್ಲಿಸಬೇಕು, ಎರಡು ಸಲ ಬಡಿದರೆ ಹೊರಡಬೇಕು. ಯಾರು ಹತ್ತಿದರು, ಯಾರು ಉಳಿದರು ಎಂದು ತಿರುಗಿ ನೋಡುವುದು ಅವನ ಕೆಲಸವಲ್ಲ. ಉಳಿದುಹೋದವರಿಗಾಗಿ ಬಸ್ಸು ಹಿಂದೆ ಬರುವುದಿಲ್ಲ ಎನ್ನುವುದು ಅವನ ಪಾಲಿಗೆ ವೇದವಾಕ್ಯ.

ಮನೆಯಲ್ಲೂ ಅದೇ ಕಥೆ. ಆರು ನಿಮಿಷದಲ್ಲಿ ಊಟ. ಬಲಗೈ ತಟ್ಟೆಯಲ್ಲಿ, ಕಣ್ಣು ಎಡಗೈಯ ವಾಚಿನಲ್ಲಿ. ಕೈ ತೊಳೆದು ಬಂದು, ತಿರುಗಿಯೂ ನೋಡದೆ ಅಂಗೈಯನ್ನು ಹಿಂದಕ್ಕೆ ಚಾಚುತ್ತಿದ್ದ. ಅಮ್ಮ ಅದರಲ್ಲೊಂದು ಪೆಪ್ಪರ್‌ಮಿಂಟ್ ಇಡುತ್ತಿದ್ದಳು. ಅವನು ಬಾಯಿಬಿಟ್ಟು ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಎರಡು ತಿಂಗಳ ಹಿಂದೆ ರಿಟೈರ್ ಆದ. ಇನ್ನಾದರೂ ಸುಧಾರಿಸುತ್ತಾನೆ ಅಂದುಕೊಂಡಿದ್ದೆವು. ಎಲ್ಲಿಯ ಮಾತು! ಮನೆಯೇ ಡಿಪೋ ಆಯಿತು. ಬಚ್ಚಲುಮನೆಯ ಬಾಗಿಲಿಗೆ ಸ್ನಾನದ ಟೈಮ್‌ಟೇಬಲ್ ಅಂಟಿಸಿದ. ಹಾಲು ತರಲು ಐದೂ ನಲವತ್ತಕ್ಕೇ ಹೊರಟು, ಮುಚ್ಚಿದ ಅಂಗಡಿಯ ಮುಂದೆ ಇಪ್ಪತ್ತು ನಿಮಿಷ ನಿಲ್ಲುತ್ತಿದ್ದ. "ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ" ಎಂದು ಅಮ್ಮ ಅವನ ಬೆನ್ನ ಹಿಂದೆ ಗೊಣಗುವಳು. ಮೊದಮೊದಲು ನಾನೂ ನಗುತ್ತಿದ್ದೆ.

ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಾ ಅಮ್ಮ ನಗುವಂಥದ್ದಲ್ಲದ ಮಾತು ಹೇಳಿದಳು. ಬೇರೆ ಊರಲ್ಲಿ ಟೈಲರ್ ಅಂಗಡಿ ಇಟ್ಟಿರುವ ಸೋದರಮಾವ, ಬಂದು ಅಂಗಡಿ ನೋಡಿಕೊಳ್ಳೆಂದು ಅವಳನ್ನು ಕರೆದಿದ್ದನಂತೆ. ಇಪ್ಪತ್ತು ವರ್ಷ ಕಿಟಕಿಯ ಪಕ್ಕ ಒಬ್ಬಳೇ ಹೊಲಿಗೆ ಯಂತ್ರ ತುಳಿದವಳು ಅವಳು, ಕೆಲಸಕ್ಕೆ ಹೆದರುವವಳಲ್ಲ.

"ನಿಮ್ಮಪ್ಪ ಒಂದೇ ಒಂದು ದಿನ ಆ ವಾಚ್ ನೋಡ್ದೆ ನನ್ನೆದುರಿಗೆ ಕೂತು ಊಟ ಮಾಡ್ಲಿ, ನಾನು ಇಲ್ಲೇ ಇರ್ತೀನಿ. ಇಲ್ದಿದ್ರೆ ಸೋಮವಾರ ಹೊರಟೆ. ನೀನು ಅವರಿಗೆ ಹೇಳ್ಬೇಡ. ಹೇಳಿ ಮಾಡಿಸ್ಕೊಂಡ್ರೆ ಏನು ಬಂತು?"

ಆ ಭಾನುವಾರವೇ ಸಮುದ್ರದ ದಾರಿಯಲ್ಲಿ ತಿರುಗಾಟ, ಅಲ್ಲಲ್ಲಿ ನಿಂತು ತಿನ್ನುವುದು ಎಂದು ಘೋಷಿಸಿಬಿಟ್ಟೆ. ನನ್ನ ಗಂಡ ಸ್ನೇಹಿತನ ವ್ಯಾನ್ ಕೇಳಿ ತಂದ. ಸ್ಟೀರಿಂಗ್ ಹಿಡಿದದ್ದು ಅಪ್ಪ. ಬೇಡ ಎಂದು ಅವನಿಗೆ ಹೇಳುವವರು ಯಾರು?

ಮೊದಲು ಚಹಾದಂಗಡಿಯಲ್ಲಿ ನಿಂತೆವು. ಚಹಾ ಸುಡುತ್ತಿತ್ತು. ನಾವು ಊದಿ ಊದಿ ಎರಡು ಗುಟುಕು ಕುಡಿಯುವಷ್ಟರಲ್ಲಿ ಅಪ್ಪನ ಲೋಟ ಖಾಲಿ. ಬೇಯಿಸಿದ ಜೋಳ ಮಾರುವಲ್ಲಿ ಅವನು ಇಂಜಿನ್ ಆಫ್ ಕೂಡ ಮಾಡಲಿಲ್ಲ. ನನ್ನ ಆರು ವರ್ಷದ ಮಗಳು ಪುಟ್ಟಿ ಅರ್ಧ ತೆನೆಯನ್ನು ವ್ಯಾನಿನಲ್ಲೇ ಮುಗಿಸಬೇಕಾಯಿತು. ಅಮ್ಮ ಸುಮ್ಮನಿದ್ದಷ್ಟೂ ನನಗೆ ಸೋಮವಾರ ಹತ್ತಿರ ಬಂದಂತಾಗುತ್ತಿತ್ತು.

ಮಧ್ಯಾಹ್ನ ದಂಡೆಯ ಮೇಲಿನ ಹೋಟೆಲಿನಲ್ಲಿ ಅನ್ನ, ಹುರಿದ ಮೀನು. ಅಪ್ಪ ಏಳೇ ನಿಮಿಷಕ್ಕೆ ಎದ್ದ. ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿ, ಕೈ ತೊಳೆಯಲು ಹಿಂದಿನ ನಲ್ಲಿಯ ಕಡೆ ಹೋದಳು. ನಿದ್ದೆಗೆ ಜಾರಿದ್ದ ಪುಟ್ಟಿಯನ್ನು ಎತ್ತಿಕೊಂಡು ನಾನು ಮುಂದಿನ ಸೀಟಿನಲ್ಲಿ ಕೂತೆ. ಕೊನೆಯ ಸೀಟಿನಲ್ಲಿ ಅಮ್ಮನ ಚೀಲ, ಶಾಲು ಕಂಡವು. ಅವಳೂ ಹತ್ತಿದ್ದಾಳೆ ಎಂದೇ ತಿಳಿದೆ. ನನ್ನ ಗಂಡ ಮಧ್ಯದ ಸೀಟು ಹತ್ತಿ ಬಾಗಿಲು ಎಳೆದ, ಚಿಲಕ ಬೀಳಲಿಲ್ಲ. ಮತ್ತೊಮ್ಮೆ ಎಳೆದ.

ಧಡ್, ಧಡ್.

ಅಪ್ಪ ಹೊರಟೇಬಿಟ್ಟ. ಮೂವತ್ತೊಂದು ವರ್ಷ ಕಿವಿ ಹೇಳಿದಂತೆ ಕೇಳಿದ ಕಾಲು ಅದು.

ಹನ್ನೊಂದು ಕಿಲೋಮೀಟರ್ ಹೋಗಿದ್ದೆವು. ನೇರ ರಸ್ತೆ ಸಿಕ್ಕಿತು. ಅಪ್ಪ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದನ್ನು ಹಿಂದಕ್ಕೆ ಚಾಚಿದ. ಕೈ ಹಾಗೇ ಇತ್ತು. ಬೆರಳು ಆಡಿಸಿದ. ಕುಂಭಕರ್ಣನಂತೆ ಮಲಗಿದ್ದ ನನ್ನ ಗಂಡ ಅರೆಗಣ್ಣು ಬಿಟ್ಟು, ಮಾವ ನೀರು ಕೇಳುತ್ತಿದ್ದಾರೆ ಎಂದುಕೊಂಡು ಬಾಟಲಿ ಇಟ್ಟ. ಅಪ್ಪ ಆ ಬಾಟಲಿಯನ್ನು ನೋಡಿದ. ವ್ಯಾನು ತಾನಾಗಿ ನಿಂತಂತೆ ನಿಂತಿತು. ಅವನು ಕತ್ತು ತಿರುಗಿಸಿ ಹಿಂದೆ ನೋಡಿದ. ಶಾಲು ಇತ್ತು, ಅಮ್ಮ ಇರಲಿಲ್ಲ. ನಾನು ಗಾಬರಿಯಲ್ಲಿ ಅವಳಿಗೆ ಫೋನ್ ಮಾಡಿದೆ. ಅದು ಕೊನೆಯ ಸೀಟಿನ ಚೀಲದೊಳಗೆ ರಿಂಗಾಯಿತು.

"ಅಪ್ಪಾ, ಇದು ಬಸ್ಸಲ್ಲ" ಎಂದೆ. ನಾನೂ ನೋಡದೆ ಹತ್ತಿದವಳೇ, ಆದರೂ ಅಷ್ಟು ಸಿಟ್ಟು ಬಂದಿತ್ತು. ಉಳಿದುಹೋದವರಿಗಾಗಿ ಹಿಂದೆ ಬಾರದ ಮನುಷ್ಯ ವ್ಯಾನನ್ನು ಅಲ್ಲೇ ತಿರುಗಿಸಿದ. ಮುಗಿಯಿತು ಕಥೆ, ಅಮ್ಮನ ಪೆಟ್ಟಿಗೆಗೆ ಬಟ್ಟೆ ತುಂಬುವುದೊಂದೇ ಬಾಕಿ ಎಂದುಕೊಂಡೆ.

ಅಮ್ಮ ಅದೇ ಮೇಜಿನಲ್ಲಿ ಕೂತಿದ್ದಳು. ಇನ್ನೊಂದು ತಟ್ಟೆ ಮೀನು ತರಿಸಿಕೊಂಡು, ಮುಳ್ಳು ಬಿಡಿಸಿ ಬಿಡಿಸಿ ತಿನ್ನುತ್ತಿದ್ದಳು. ಮುಖದಲ್ಲಿ ಸಿಟ್ಟೂ ಇಲ್ಲ, ಅಳುವೂ ಇಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಪ್ಪ ಅವಳೆದುರು ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ ನಿಂತ.

"ತಪ್ಪಾಯ್ತು ಕಣೆ" ಎಂದ. "ಹಿಂದೆ ನೀನಿರ್ತೀಯ ಅನ್ನೋ ಧೈರ್ಯದಲ್ಲೇ ಇಷ್ಟು ವರ್ಷ ತಿರುಗಿ ನೋಡ್ಲಿಲ್ಲ. ಇವತ್ತು ನೋಡ್ದೆ, ನೀನಿರ್ಲಿಲ್ಲ. ಜೀವ ಹೋದಂಗಾಯ್ತು."

ಅಮ್ಮ ಎದುರಿನ ಕುರ್ಚಿಯನ್ನು ಕಾಲಿನಿಂದ ತಳ್ಳಿದಳು.

"ಕೂತ್ಕೊಳ್ಳಿ. ಮೀನು ಬಿಸಿ ಇದೆ."

ಅಪ್ಪ ಕೂತ. ಹೋಟೆಲಿನವನು ಅವನಿಗೂ ತಟ್ಟೆ ತಂದಿಟ್ಟ. ನಾವು ಮೂವರು ಪಕ್ಕದ ಮೇಜಿನಲ್ಲಿ ಐಸ್‌ಕ್ರೀಮ್ ತಿನ್ನುವ ನೆಪದಲ್ಲಿ ಕೂತೆವು. ನನ್ನ ಕಣ್ಣು ಅಪ್ಪನ ಎಡಗೈ ಮೇಲೇ ಇತ್ತು. ಆ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಅವನು ಅಮ್ಮನಿಂದ ಮುಳ್ಳು ಬಿಡಿಸುವುದನ್ನು ಕಲಿಯುತ್ತಿದ್ದ. ಆರು ನಿಮಿಷದ ಊಟದಲ್ಲಿ ಅದನ್ನು ಕಲಿಯಲು ಸಮಯವೆಲ್ಲಿತ್ತು? ಇಷ್ಟು ದಿನ ಮುಳ್ಳನ್ನೂ ನುಂಗುತ್ತಿದ್ದನೋ ಏನೋ.

ಬಹಳ ಹೊತ್ತಾದ ಮೇಲೆ ಅವನು ತಲೆಯೆತ್ತಿ ಸಮುದ್ರದ ಕಡೆ ನೋಡಿ, ಆ ಹಡಗು ಆಗಿನಿಂದ ಅಲ್ಲೇ ನಿಂತಿದೆಯಾ ಎಂದು ಕೇಳಿದ.

"ಹೋಗ್ತಾ ಇದೆ. ಕೂತು ನೋಡಿದ್ರೆ ಗೊತ್ತಾಗುತ್ತೆ" ಎಂದಳು ಅಮ್ಮ.

ಇಬ್ಬರೂ ಕೂತು ನೋಡಿದರು. ವಾಚು ನೋಡುತ್ತಿದ್ದವಳು ಈಗ ನಾನು. ಅಪ್ಪ ಕೂತು ಒಂದು ಗಂಟೆ ಹತ್ತು ನಿಮಿಷವಾಗಿತ್ತು.

ಹೊರಡುವಾಗ ಅಮ್ಮ ಅಪ್ಪನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು. ನನ್ನ ಗಂಡ ಬಾಗಿಲು ಎಳೆದ. ಹಾಳಾದ ಚಿಲಕ ಈ ಸಲವೂ ಬೀಳಲಿಲ್ಲ, ಮತ್ತೊಮ್ಮೆ ಎಳೆದ. ಧಡ್, ಧಡ್. ವ್ಯಾನು ಕದಲಲಿಲ್ಲ. ಅಪ್ಪ ಪೂರ್ತಿ ಹಿಂದಕ್ಕೆ ತಿರುಗಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ, ಕೊನೆಗೆ ಅಮ್ಮನನ್ನು ನೋಡಿದ. ಕೈಯನ್ನು ಅವಳ ಮುಂದೆ ಚಾಚಿ, "ಒಂದು ಪೆಪ್ಪರ್‌ಮಿಂಟ್ ಕೊಡ್ತೀಯಾ?" ಎಂದು ಕೇಳಿದ.

ಅಮ್ಮ ಚೀಲ ತಡಕಿ ಅವನ ಅಂಗೈಯಲ್ಲಿ ಒಂದನ್ನಿಟ್ಟಳು.

"ನಾಳೆ ಅಣ್ಣಂಗೆ ಫೋನ್ ಮಾಡ್ಬೇಕು, ನೆನಪು ಮಾಡಿ" ಎಂದಳು. "ನಾನು ಬರಲ್ಲ ಅಂತ ಹೇಳ್ಬೇಕು."

"ಎಲ್ಲಿಗೆ?" ಎಂದ ಅಪ್ಪ.

"ಎಲ್ಲಿಗೂ ಇಲ್ಲ. ನೀವು ಹೊರಡಿ."