ಗೋಡೆ ಬದಿಯ ಬೆರಕೆ ಸೊಪ್ಪು

ನಾವು ಗಲ್ಫಿನಲ್ಲೇ ವಾದಿ ಕಬೀರ್‌ನ ಫ್ಲಾಟ್ ಬಿಟ್ಟು ರುಸ್ತಾಕ್ ಎಂಬ ಊರಿಗೆ ಬಂದ ಎರಡನೆಯ ಚಳಿಗಾಲದಲ್ಲಿ ನಡೆದದ್ದು ಇದು. ನಮ್ಮವರಿಗೆ ಇಲ್ಲಿಯ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ. ಬಾಡಿಗೆ ಮನೆಯ ಹಿಂದೆ ಸ್ವಲ್ಪ ಜಾಗವಿತ್ತು. ಬಂಟ್ವಾಳ ಬಿಟ್ಟ ಮೇಲೆ ಮಣ್ಣು ಮುಟ್ಟಿರದ ನಾನು ಬದನೆ, ಹಸಿಮೆಣಸು, ಕೊತ್ತಂಬರಿ ಹಾಕಿದೆ. ನೀರು ಬಿದ್ದಲ್ಲೆಲ್ಲ ಕಳೆಯೂ ಬಂತು. ಗೋಡೆ ಬದಿಯಲ್ಲಂತೂ ಮೊಣಕಾಲೆತ್ತರ.

ಒಂದೇ ಕಾಂಪೌಂಡಿನ ಪಕ್ಕದ ಮನೆಯಲ್ಲಿ ಮಂಡ್ಯ ಕಡೆಯ ಕಾವ್ಯ ಮತ್ತು ಅವಳ ಗಂಡ ಇದ್ದರು. ಕಾವ್ಯಳಿಗೆ ಎಂಟು ತಿಂಗಳು. ಬಾಣಂತನಕ್ಕೆಂದು ಅವಳ ತಾಯಿ ಜಯಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದರು. ಕಂಡರೆ ನಗುತ್ತಿದ್ದರು, ಅಷ್ಟೇ. ಹೆಚ್ಚು ಮಾತಿಲ್ಲ. ಮಾತಾಡದವರ ಮೇಲೆ ನನಗೆ ಮೊದಲಿನಿಂದಲೂ ಒಂದು ಗುಮಾನಿ.

ಒಂದು ದಿನ ನಸುಕಿನ ಸುಬಹಿ ನಮಾಝ್ ಮುಗಿಸಿ ಅಡುಗೆಮನೆಯ ಕಿಟಕಿ ತೆರೆದರೆ, ನಮ್ಮ ಗೋಡೆ ಬದಿಯಲ್ಲಿ ಜಯಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ! ಏನನ್ನೋ ಕಿತ್ತು ಸೆರಗಿನೊಳಗೆ ಹಾಕಿಕೊಳ್ಳುತ್ತಿದ್ದಾರೆ. ನಾನು ಬಾಗಿಲು ತೆರೆದ ಸದ್ದಾದದ್ದೇ ಸೆರಗು ಮಡಚಿ ಹೊರಟೇಬಿಟ್ಟರು. ಮರುದಿನವೂ ಅದೇ. ನಾನು ಹೋಗಿ ಮೆಣಸಿನಕಾಯಿ ಎಣಿಸಿದೆ, ಬದನೆ ಎಣಿಸಿದೆ. ಒಂದೂ ಕಡಿಮೆಯಾಗಿರಲಿಲ್ಲ. ಅದರಿಂದ ನನ್ನ ಸಂಶಯ ಇನ್ನೂ ಹೆಚ್ಚಾಯಿತು. ಕದಿಯಲಿಕ್ಕಲ್ಲವಾದರೆ ಮತ್ತೆ ಯಾಕೆ ಬರುವುದು?

ಮೂರನೆಯ ದಿನ ಅದೇ ಜಾಗದಲ್ಲಿ ಒಂದು ಲಿಂಬೆಹಣ್ಣು ಬಿದ್ದಿತ್ತು. ಗಂಡನನ್ನು ಎಳೆದುಕೊಂಡು ಬಂದು ತೋರಿಸಿದೆ. "ಇದು ಮಾಟವೇ. ಆ ಅಮ್ಮ ಏನೋ ಮಾಡ್ತಾ ಇದ್ದಾರೆ."

ಅವರು ಮೇಲೆ ನೋಡಿದರು, ನನ್ನನ್ನು ನೋಡಿದರು. "ಲಿಂಬೆ ಗಿಡದ ಅಡಿಯಲ್ಲಿ ಲಿಂಬೆ ಅಲ್ಲದೆ ತೆಂಗಿನಕಾಯಿ ಬೀಳ್ತದಾ ಮಾರಾಯ್ತಿ? ಸಂಶಯ ಇದ್ರೆ ಹೋಗಿ ಕೇಳು."

ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕೇಳಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕಳೆ ಇದ್ದರೆ ತಾನೇ ಮರೆಯಲ್ಲಿ ಕೂರುವುದು, ಅದನ್ನೇ ತೆಗೆದುಬಿಟ್ಟರಾಯಿತು ಎಂದು ಮಾರ್ಕೆಟ್‌ನಿಂದ ಕಳೆ ಸಾಯುವ ಔಷಧಿ ತಂದೆ. ಆ ಸಂಜೆಯೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯುದ್ದಕ್ಕೂ ಹೊಡೆದೆ. ಸತ್ಯ ಹೇಳುತ್ತೇನೆ, ಹೊಡೆಯುವಾಗ ನನಗೆ ಸಂತೋಷವೇ ಆಯಿತು.

ಮರುದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆಗೆದರೆ ಜಯಮ್ಮ, ಕೈಯಲ್ಲಿ ಮುಚ್ಚಿದ ಪಾತ್ರೆ.

"ತಕ್ಕೊಳವ್ವ, ಬೆರಕೆ ಸೊಪ್ಪಿನ ಸಾರು. ಬಿಸಿ ಐತೆ."

ನಾನು ಪಾತ್ರೆ ಹಿಡಿದುಕೊಂಡೆನೇ ಹೊರತು ಮುಚ್ಚಳ ತೆಗೆಯಲಿಲ್ಲ. ಇದರಲ್ಲಿ ಏನು ಹಾಕಿದ್ದಾರೋ ಎಂಬ ಯೋಚನೆ. "ಎಂಥ ಸೊಪ್ಪು ಅಮ್ಮಾ?" ಎಂದೆ.

"ನಿಮ್ ಗೋಡೆ ಪಕ್ಕದ್ದೇ ಕಣವ್ವ. ಗೋಣಿ ಸೊಪ್ಪು, ಕೀರೆ ಸೊಪ್ಪು, ಒಂದೀಟು ಗಣಿಕೆ. ಬಸುರಿ ಹುಡ್ಗಿ ಏನು ಕೊಟ್ರೂ ವಾಂತಿ ಮಾಡ್ಕತಾಳೆ, ಇದೊಂದು ಸೇರ್ತದೆ. ಈಗ ಮುದ್ದೆ ಮುಂದೆ ಕೂರಿಸಿ ಬಂದೆ. ಇನ್ನೊಂದು ಮಾತು..."

ಇನ್ನೊಂದು ಮಾತು ಕೇಳಲಿಕ್ಕೆ ನಾನು ಅಲ್ಲಿ ಇರಲಿಲ್ಲ. ಪಾತ್ರೆಯನ್ನು ಮೆಟ್ಟಿಲ ಮೇಲೆ ಇಟ್ಟೆನೋ ಎಸೆದೆನೋ ನೆನಪಿಲ್ಲ. ಬರಿಗಾಲಲ್ಲಿ ಓಡಿದೆ. ಕಾವ್ಯ ನೆಲದ ಮೇಲೆ ಕಾಲು ಚಾಚಿ ಕೂತು ಮುದ್ದೆಯನ್ನು ಸಾರಿನಲ್ಲಿ ಅದ್ದುತ್ತಿದ್ದಳು. ತಟ್ಟೆ ಕಸಿದೆ. ಸಾರು ಅವಳ ನೈಟಿಯ ಮೇಲೆಲ್ಲ ಚೆಲ್ಲಿತು.

"ತಿಂದಿಯಾ? ಎಷ್ಟು ತಿಂದೆ? ಅದಕ್ಕೆ ನಾನು ಔಷಧಿ ಹೊಡೆದಿದ್ದೇನೆ, ವಿಷ ಅದು!"

ಕಾವ್ಯಳ ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ನನ್ನ ಹಿಂದೆಯೇ ಏದುಸಿರು ಬಿಡುತ್ತ ಬಂದ ಜಯಮ್ಮ ಬಾಗಿಲು ಹಿಡಿದು ನಿಂತರು.

"ಏನೂ ಆಗಕ್ಕಿಲ್ಲ, ಕೂತ್ಕೊಳಿ. ಅದು ನೆನ್ನೆ ಬೆಳಿಗ್ಗೆ ಕಿತ್ತು ಫ್ರಿಜ್ಜಲ್ಲಿ ಮಡಗಿದ್ದು. ಇವತ್ತು ಕೀಳಕ್ಕೆ ಬಗ್ಗಿದೆ, ಗಪ್ಪಂತ ವಾಸನೆ ಹೊಡೀತು. ಒಂದೆಲೇನೂ ಮುಟ್ಟಿಲ್ಲ." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು, "ನಿಮ್ ಮನೇಗೆ ಅದನ್ನೇ ಹೇಳಕ್ಕೆ ಬಂದಿದ್ದು ಕಣವ್ವ. ಯಾರೋ ಹಾಳಾದೋರು ನಿಮ್ ತೋಟಕ್ಕೆ ವಿಷ ಹಾಕವ್ರೆ, ಕೊತ್ತಂಬರಿ ಗಿತ್ತಂಬರಿ ಕಿತ್ತು ತಿಂದೀರಿ ಅಂತ."

ನಾನು ಅಲ್ಲೇ ಗೋಡೆಗೆ ಒರಗಿ ಕೂತೆ.

"ಕೇಳಿ ಕೀಳಬಾರದಿತ್ತಾ ಅಮ್ಮಾ?" ಎಂದೆ. ಆಗಲೂ ತಪ್ಪು ಅವರದೇ ಆಗಲಿ ಎಂಬ ಆಸೆ ನನಗೆ.

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಬೆರಕೆ ಸೊಪ್ಪಿಗೆ ಯಾರವ್ವ ಕೇಳ್ತಾರೆ? ನಮ್ ಕಡೆ ಯಾರ್ ಹೊಲದಲ್ಲಾದ್ರೂ ಕಿತ್ಕಬೌದು. ಕೇಳುದ್ರೆ ಹೊಲದೋರೇ ನಗ್ತಾರೆ. ಬೆಳೆಗೆ ಯಜಮಾನ ಇರ್ತಾನೆ, ಕಳೆಗೆ ಯಾರು? ನಿಮ್ಗೆ ಕಳೆ ಕಿತ್ತಂಗೂ ಆಯ್ತದೆ ಅಂತ ಇದ್ದೆ."

ಕಾವ್ಯ ಅಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು, "ನಸೀಮಕ್ಕ, ನಮ್ಮಮ್ಮ ದಿನಾ ಅಲ್ಲಿ ಕೀಳ್ತಿದ್ದಿದ್ದು ನಿಮ್ಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ನಾಲಗೆ ತುದಿಯವರೆಗೂ ಬಂದಿತ್ತು.

"ಗೊತ್ತಿತ್ತು. ತಿನ್ನಲಿಕ್ಕೆ ಅಂತ ಗೊತ್ತಿರಲಿಲ್ಲ."

ಜಯಮ್ಮ ಬಟ್ಟೆ ತಂದು ಚೆಲ್ಲಿದ ಸಾರು ಒರೆಸತೊಡಗಿದರು. ನಾನು ಒರೆಸುತ್ತೇನೆಂದು ಕೈ ಚಾಚಿದರೆ ಬಟ್ಟೆ ಕೊಡಲಿಲ್ಲ.

ಕಾವ್ಯಳಿಗೆ ಗಂಡು ಮಗು ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಜಯಮ್ಮ ಊರಿಗೆ ಹೊರಡುವ ದಿನ ನನ್ನ ತಲೆ ಸವರಿ, "ಬರ್ತೀನಿ ತಾಯಿ" ಎಂದರು. ಆದರೆ ಆ ದಿನದಿಂದ ಹೊರಡುವವರೆಗೂ ನಮ್ಮ ಹಿತ್ತಲಿಗೆ ಕಾಲಿಡಲಿಲ್ಲ. ಗೋಡೆ ಬದಿ ಒಂದು ವರ್ಷ ಬೋಳಾಗಿಯೇ ಇತ್ತು. ಅಡುಗೆಮನೆಯ ಕಿಟಕಿ ತೆರೆದಾಗೆಲ್ಲ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಈ ಚಳಿಗಾಲಕ್ಕೆ ಗೋಣಿ ಸೊಪ್ಪು ತಾನಾಗಿ ಮತ್ತೆ ಬಂದಿದೆ, ಜೊತೆಗೆ ಕೀರೆಯೂ. ಈಗ ನಾನೇ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ಕಿತ್ತು ಕಾವ್ಯಳಿಗೆ ಕೊಟ್ಟು ಬರುತ್ತೇನೆ. ಅವಳು ನಗುತ್ತಲೇ ತೆಗೆದುಕೊಳ್ಳುತ್ತಾಳೆ. ಆಮೇಲೆ ನನ್ನೆದುರೇ ಒಂದು ಹಿಡಿ ಎತ್ತಿ ಮೂಸಿ ನೋಡುತ್ತಾಳೆ. ಅವಳು ಮೂಸಿ ಮುಗಿಸುವವರೆಗೆ ನಾನು ಬಾಗಿಲಲ್ಲೇ ನಿಂತಿರುತ್ತೇನೆ.